ಪಾರ್ಶ್ವವಾಯು: ಕತ್ತಿನ ರಕ್ತನಾಳದ ಮುನ್ಸೂಚನೆ

ಮೆದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಅಪಧಮನಿಗಳು ಕತ್ತಿನ ಎರಡೂ ಬದಿಗಳಲ್ಲಿವೆ. ಇವುಗಳ ಒಳಗೋಡೆಯಲ್ಲಿ ಕೊಬ್ಬು ಶೇಖರಗೊಂಡರೆ ರಕ್ತದ ಹಾದಿ ಕಿರಿದಾಗುತ್ತದೆ. ಅಲ್ಲಿಂದ ಕಳಚಿದ ಚೂರು ಮೆದುಳಿನ ನಾಳವನ್ನು ಮುಚ್ಚಿದಾಗ ಪಾರ್ಶ್ವವಾಯು, ಅಂದರೆ ಲಕ್ವ, ಸಂಭವಿಸುತ್ತದೆ.

ಒಂದು ಕಣ್ಣಿಗೆ ಹಠಾತ್ತನೆ ಕತ್ತಲೆ ಕವಿಯುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಬಲಹೀನವಾಗುವುದು ಇದರ ಲಕ್ಷಣಗಳು. ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಇವನ್ನು ಕಡೆಗಣಿಸದೆ ಕೂಡಲೇ ಆಸ್ಪತ್ರೆಗೆ ತೆರಳಬೇಕು. ಡಾಪ್ಲರ್ ಸ್ಕ್ಯಾನ್‌ನಿಂದ ನಾಳ ಎಷ್ಟು ಕಿರಿದಾಗಿದೆ ಎಂಬುದು ತಿಳಿಯುತ್ತದೆ.

ನಾಳವನ್ನು ತೆರೆದು ಕೊಬ್ಬನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಯನ್ನು 1953ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಮೈಕೆಲ್ ಡಿಬೇಕಿ ಯಶಸ್ವಿಯಾಗಿ ನಡೆಸಿದರು. ಲಕ್ಷಣ ಕಂಡಿದ್ದು, ನಾಳ ಶೇ 70ರಿಂದ 99ರಷ್ಟು ಕಿರಿದಾಗಿದ್ದ ರೋಗಿಗಳ ಕುರಿತ ಉತ್ತರ ಅಮೆರಿಕದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಅದೇ ಬದಿಯ ಪಾರ್ಶ್ವವಾಯುವಿಗೆ ತುತ್ತಾಗುವ ಸಂಭವ ಔಷಧವನ್ನಷ್ಟೇ ಪಡೆದವರಲ್ಲಿ ಶೇ 26, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ 9 ಇತ್ತು. ಲಕ್ಷಣ ಕಂಡ ಎರಡು ವಾರಗಳೊಳಗೆ ನಡೆಸಿದರೆ ಪ್ರಯೋಜನ ಹೆಚ್ಚು. ಆದರೆ ಶಸ್ತ್ರಚಿಕಿತ್ಸೆಯೇ ಕೆಲವರಲ್ಲಿ ಪಾರ್ಶ್ವವಾಯುವಿಗೆ ಕಾರಣವಾಗಬಹುದಾದ್ದರಿಂದ ಇದು ಎಲ್ಲರಿಗೂ ಸೂಕ್ತವಲ್ಲ.

ಪಾರ್ಶ್ವವಾಯು ಬಡಿದಾಗ ಲಕ್ಷಣ ಆರಂಭವಾದ ಸಮಯವನ್ನು ಗುರುತಿಟ್ಟುಕೊಳ್ಳಬೇಕು. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತವಾದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಲಾಗುತ್ತದೆ. ರಕ್ತದೊತ್ತಡ, ಮಧುಮೇಹ ಹಾಗೂ ಕೊಲೆಸ್ಟರಾಲ್ ನಿಯಂತ್ರಣ, ತಂಬಾಕು ತ್ಯಾಗ ಶಸ್ತ್ರಚಿಕಿತ್ಸೆಯ ನಂತರವೂ ಅನಿವಾರ್ಯ.