‘ಫಾಲ್‌ಔಟ್’ ಆಟದ ರೂಪಾಂತರ ವಿಚಾರ

ಗಣಕಯಂತ್ರದ ಆಟವೊಂದರ ಕಲ್ಪಿತ ಲೋಕವನ್ನು, ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟವಾಗಿ ಮಾರ್ಪಡಿಸುವಾಗ ಉಳಿಯತಕ್ಕದ್ದು ಯಾವುದು? ಅಮೆರಿಕದ ‘ಫಾಲ್‌ಔಟ್’ ಆಟದ ಚರಿತ್ರೆಯಿಂದ ಇದನ್ನು ವಿಚಾರಿಸಬಹುದು.

ಪರಮಾಣುಯುದ್ಧದಿಂದ ಹಾಳಾದ ಭೂಮಿಯನ್ನು ಚಿತ್ರಿಸುವ ಈ ಆಟವನ್ನು ಇಂಟರ್‌ಪ್ಲೇ ಸಂಸ್ಥೆಯವರು 1997ರಲ್ಲಿ ಪ್ರಕಟಿಸಿದರು. ಮೊದಲು ಅವರು ಆಶ್ರಯಿಸಿದ್ದುದು 1986ರಲ್ಲಿ ಹೊರಬಂದ ‘ಗರ್ಪ್ಸ್’ ಎಂಬ ಮೇಜಿನ ಆಟದ ನಿಯಮಗಳನ್ನೇ. ಆ ಒಪ್ಪಂದವು ಮುರಿದುಬೀಳಲು, ಬಲ, ಗ್ರಹಣ, ಸಹನೆ, ಆಕರ್ಷಣೆ, ಬುದ್ಧಿ, ಚುರುಕು, ಅದೃಷ್ಟವೆಂಬ ಏಳು ಗುಣಗಳ ಸ್ವಂತ ಪದ್ಧತಿಯನ್ನು ರಚಿಸಿಕೊಂಡರು.

2021ರಲ್ಲಿ ಮೊಡಿಫಿಯಸ್ ಸಂಸ್ಥೆಯು ಈ ಲೋಕವನ್ನು ಮೇಜಿಗೆ ತಂದಿತು. ಏಳು ಗುಣಗಳೂ ಉಳಿದುವು, ಗಣನಕ್ರಮವು ಬದಲಾಯಿತು. ಮೊದಲ ಆಟದಲ್ಲಿ ಯಂತ್ರವು ಮರೆಯಲ್ಲಿ ಮಾಡುತ್ತಿದ್ದ ಶೇಕಡಾ ಲೆಕ್ಕದ ಸ್ಥಾನದಲ್ಲಿ ಇಪ್ಪತ್ತು ಮುಖಗಳ ಎರಡು ದಾಳಗಳು ಬಂದುವು. ಗುಣಕ್ಕೆ ಕೌಶಲವನ್ನು ಕೂಡಿಸಿದ ಸಂಖ್ಯೆಯನ್ನು ಮೀರದೆ ಬಿದ್ದ ಪ್ರತಿಯೊಂದು ದಾಳವೂ ಒಂದು ಜಯ.

ಆದರೆ ಮುಖ್ಯಭೇದವು ಬೇರೆಡೆಯಲ್ಲಿದೆ. ನಿರ್ಮಾತೃಗಳು ಮುಂದಾಗಿ ಊಹಿಸಿದ ಕಾರ್ಯಗಳಿಗೆ ಮಾತ್ರ ಯಂತ್ರದಲ್ಲಿ ಎಡೆಯುಂಟು. ಮೇಜಿನಲ್ಲಿ ಆಟಗಾರನು ಮುಚ್ಚಿದ ಬಾಗಿಲನ್ನು ಬಿಟ್ಟು ಗೋಡೆಯನ್ನೇ ಒಡೆಯುವೆನೆಂದರೆ, ಆಟ ನಡೆಸುವ ಸೂತ್ರಧಾರನು ಆ ಕ್ಷಣವೇ ನಿರ್ಣಯಿಸಬೇಕು. ಸೂತ್ರವು ಹೇಳದುದನ್ನು ಭಾಷ್ಯಕಾರನು ಸೂತ್ರದ ಆಶಯದಿಂದಲೇ ತಿಳಿಯುವಂತೆ, ಅವನೂ ಆ ಲೋಕದ ಆಶಯವನ್ನರಿತು ತೀರ್ಪು ಕೊಡಬೇಕು. ಆದುದರಿಂದ ರೂಪಾಂತರಕಾರನಿಗೆ ಸಂಗತಿಗಳನ್ನೆಲ್ಲ ನಕಲುಮಾಡುವುದಕ್ಕಿಂತ, ಆ ಲೋಕದಲ್ಲಿ ಯಾವುದು ಯುಕ್ತ, ಯಾವುದು ಅಯುಕ್ತವೆಂಬ ವಿವೇಕವನ್ನು ಒದಗಿಸುವುದೇ ಪ್ರಧಾನವಾದ ಕರ್ತವ್ಯವೆಂದು ನಮ್ಮ ಅಭಿಪ್ರಾಯ.