ಖಾಲಿ ನಿವೇಶನದ ಬಿಳಿಯ ಹೂವು

ಮುಹರ್ರಕ್ಕಿನಲ್ಲಿ ಪುರಸಭೆ ಸ್ಥಾಪನೆಯಾದುದು 1927ರಲ್ಲಿ. ಹವಳದ ಕಲ್ಲಿನ ಹಳೆಯ ಮನೆಗಳ ನಡುವಣ ಈ ಇಕ್ಕಟ್ಟಾದ ಓಣಿಗಳಲ್ಲಿ ಕಳೆ ಕೀಳುವ ಪ್ರಸಂಗ ಗೃಹಿಣಿಗೆ ಒದಗುವುದೇ ಅಪರೂಪ. ಬೇಸಿಗೆಯಲ್ಲಿ ಕುಂಡದ ತುಳಸಿಯನ್ನು ಉಳಿಸಿಕೊಳ್ಳುವುದೇ ಇಲ್ಲೊಂದು ವ್ರತ. ಹೀಗಿರುವಾಗ ಒಂದು ಸಂಜೆ ಊರಿನಿಂದ ದೂರವಾಣಿ ಬಂದಿತು. ನಮ್ಮ ಖಾಲಿ ನಿವೇಶನದ ಪಕ್ಕದ ಮನೆಯ ಹಿರಿಯರು, "ನಿಮ್ಮ ಸೈಟಿನ ಗಿಡ ಕೀಳಿಸಮ್ಮಾ, ಕತ್ತು ಕೈಯೆಲ್ಲ ತುರಿಸಿ ಗಾಯವಾಗಿದೆ" ಎಂದರು. ನಾನು ನಾಚಿದೆ.

ಆ ಗಿಡ ಪಾರ್ಥೇನಿಯಂ. ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆ ಪುಣೆಯಲ್ಲಿ ಕಣ್ಣಿಗೆ ಬಿದ್ದುದು 1955ರಲ್ಲಿ. ಪಿ.ಎಲ್. 480ರ ಗೋಧಿಯೊಡನೆ ಬಂದಿತೆಂಬುದು ಎಲ್ಲರೂ ಹೇಳುವ ಮಾತು. ಆದರೆ ಭಾರತವು ಆ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ! ಬಿ.ಎ.ಯಲ್ಲಿ ಇತಿಹಾಸ ಓದಿದವಳಿಗೆ ಈ ಲೆಕ್ಕ ಸರಿಹೊಂದುವುದಿಲ್ಲ. ಹೆಸರಿಗೆ ಗೋಧಿ ಕಾರಣವೋ, ಬಿಳಿಯ ಟೋಪಿಯಂತಹ ಹೂವು ಕಾರಣವೋ, ಜನ ಎರಡನ್ನೂ ಹೇಳುತ್ತಾರೆ. ಮುಟ್ಟಿದವರಿಗೆ ಚರ್ಮರೋಗ, ಪರಾಗದಿಂದ ಉಬ್ಬಸ, ಮೇಯ್ದ ಹಸುವಿನ ಹಾಲು ಕಹಿ. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ.

ಕರ್ನಾಟಕ ಸರ್ಕಾರ 1975ರಲ್ಲಿ ಕೃಷಿ ಕೀಟ ಮತ್ತು ರೋಗಗಳ ಕಾಯಿದೆಯಡಿ ಇದನ್ನು ಪೀಡಕ ಕಳೆಯೆಂದು ಘೋಷಿಸಿತು. ಜಮೀನನ್ನು ಅನುಭವಿಸುವವನೇ ಅದನ್ನು ನಾಶಮಾಡಬೇಕೆಂಬುದು ಅಂತಹ ಕಾಯಿದೆಯ ತಿರುಳು. ಒಳ್ಳೆಯ ಕಾನೂನೇ, ಆದರೆ ರಸ್ತೆಯಂಚು, ರೈಲು ಹಳಿಯ ಬದಿ, ಚರಂಡಿಯ ದಂಡೆ, ಇವಕ್ಕೆ ಯಾರು ನೋಟೀಸು ಕೊಡಬೇಕು? ಒಬ್ಬನು ತನ್ನ ಅಂಗಳ ಹಸನುಮಾಡಿದರೆ ಬೀಜ ಎದುರು ಬಯಲಿನಿಂದ ಬರುತ್ತಿತ್ತು. ಕಾಯಿದೆ ಪುಸ್ತಕದಲ್ಲಿ ಉಳಿಯಿತು, ಗಿಡ ಬೀದಿಯಲ್ಲಿ ಬೆಳೆಯಿತು.

ಬಳಿಕ ವಿಜ್ಞಾನಿಗಳು ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆಗಳನ್ನು ಜರಡಿಯಂತೆ ತಿನ್ನುವ ಆ ಪುಟ್ಟ ಹುಳು ಸೂರ್ಯಕಾಂತಿಯನ್ನೂ ಕಬಳಿಸುತ್ತದೆಂಬ ಗುಲ್ಲೆದ್ದು ರೈತರು ದಿಗಿಲುಗೊಂಡದ್ದೂ ಉಂಟು. ಬೇಸಿಗೆಯಲ್ಲಿ ಹುಳು ಮಣ್ಣಿನೊಳಗೆ ನಿದ್ರಿಸುತ್ತದೆ. ನೀರಿನ ಪಸೆಯಿದ್ದಲ್ಲಿ ಗಿಡಕ್ಕೆ ನಿದ್ರೆಯಿಲ್ಲ.

ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ಅನೇಕರಿಗೆ ಊರಿನಲ್ಲಿ ಇಂತಹ ಒಂದೊಂದು ನಿವೇಶನ ಇದ್ದೀತು. ನಿವೃತ್ತಿಯ ನಂತರ ಮನೆ ಕಟ್ಟೋಣವೆಂದು ಕೊಂಡು, ತೆರಿಗೆ ಕಟ್ಟಿದರೆ ಕರ್ತವ್ಯ ಮುಗಿಯಿತೆಂದು ನಾವೂ ನಂಬಿದ್ದೆವು. ಮಾಲೀಕರು ಸಮುದ್ರದಾಚೆ, ತುರಿಕೆ ಪಕ್ಕದ ಮನೆಯವರಿಗೆ.

ಮರುವರ್ಷ ಮಳೆ ಆರಂಭವಾದ ಮೇಲೆ ರಜೆಗೆ ಹೋದಾಗ, ಹೂ ಬಿಡುವ ಮೊದಲೇ, ಇಬ್ಬರು ಆಳುಗಳಿಗೆ ಕೈಗವಸು ಕೊಡಿಸಿ ಬೇರುಸಹಿತ ಕೀಳಿಸಿದೆ. ಹಿರಿಯರು ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಕತ್ತಿನ ಕಲೆ ಇನ್ನೂ ಮಾಸಿರಲಿಲ್ಲ. ಕಾಫಿ ಕೊಟ್ಟು, "ಮುಂದಿನ ಮಳೆಗೂ ನೆನಪಿರಲಮ್ಮಾ" ಎಂದರು. ಈಗ ಪ್ರತಿ ಜೂನ್ ತಿಂಗಳು ಮುಹರ್ರಕ್ಕಿನಿಂದ ಆಳಿನ ಕೂಲಿ ಕಳುಹಿಸುತ್ತೇನೆ.