ಪಟ್ಟಿಗೆ ಬಣ್ಣ ಬಂದ ಕತೆ

ಅಕ್ಕಂದಿರೇ, ಮಸಾಲೆ ಡಬ್ಬಿ ತೆಗೆದಾಗ ಅರಿಶಿನ ಯಾವ್ದು, ಖಾರದಪುಡಿ ಯಾವ್ದು ಅಂತ ಯಾರೂ ಚೀಟಿ ಓದಲ್ಲ. ಬಣ್ಣ ನೋಡ್ದೇಟ್ಗೆ ಕೈ ಅಲ್ಲಿಗೇ ಹೋಗ್ತದೆ. ಕಂಪ್ಯೂಟರ್ ಪಟ್ಟಿಗೆ ಈ ಅನುಕೂಲ ಬರೋಕೆ ಇಪ್ಪತ್ತು ವರ್ಷದ ಮೇಲೇ ಹಿಡೀತು.

1971ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮಾಡಿದ್ ಯುನಿಕ್ಸ್‌ನಲ್ಲೇ ‘ಎಲ್‌ಎಸ್’ ಅನ್ನೋ ಎರಡಕ್ಷರದ ಅಪ್ಪಣೆ ಇತ್ತು. ಅದನ್ನ ಒತ್ತುದ್ರೆ ಒಳಗೆ ಏನೇನು ಮಡಗಿದೀವಿ ಅಂತ ಪಟ್ಟಿ ಬರೋದು. ಆಗ ಟೈಪ್‌ರೈಟರ್ ತರದ ಟೆಲಿಟೈಪ್ ಮಿಷನ್ನು ಕಾಗದದ ಮೇಲೆ ಅಚ್ಚು ಒತ್ತೋದು, ಎಲ್ಲಾ ಹೆಸರಿಗೂ ಒಂದೇ ಮಸಿ. ಆಮೇಲೆ ಬರ್ಕ್ಲಿ ಯೂನಿವರ್ಸಿಟಿಯೋರು ಫೋಲ್ಡರ್ ಹೆಸರಿನ ಕೊನೇಲಿ ಒಂದು ಓರೆ ಗೀಟು, ಓಡೋ ಪ್ರೋಗ್ರಾಂ ಕೊನೇಲಿ ಒಂದು ನಕ್ಷತ್ರ ಹಾಕೋ ಹಂಗೆ ಮಾಡುದ್ರು. ಬಣ್ಣ ಇಲ್ದಿದ್ ಕಾಲದ ಗುರ್ತು ಅದು.

ಬಣ್ಣದ ಪರದೆ ಬಂದ್ಮೇಲೆ ಒಂದೊಂದು ಬಣ್ಣಕ್ಕೂ ಒಂದು ನಂಬರ್ ಗೊತ್ತಾಯ್ತು: ಕೆಂಪಿಗೆ 31, ಹಸಿರಿಗೆ 32, ಹಳದಿಗೆ 33, ನೀಲಿಗೆ 34. 1991ರಲ್ಲಿ ಲಿನಕ್ಸ್ ಹುಟ್ತು. ಆ ದಶಕದಲ್ಲೇ ಎಚ್. ಪೀಟರ್ ಆನ್ವಿನ್ ಅನ್ನೋರು ‘ಡಿರ್‌ಕಲರ್ಸ್’ ಬರದ್ರು. ಫೋಲ್ಡರಿಗೆ ನೀಲಿ, ಓಡೋ ಪ್ರೋಗ್ರಾಮಿಗೆ ಹಸಿರು, ಗಂಟು ಕಟ್ಟಿದ್ ಜಿಪ್ ಫೈಲಿಗೆ ಕೆಂಪು.

ನಮ್ಮ ಸಂಘದ ಉಳಿತಾಯ, ಸಾಲದ ಲೆಕ್ಕ ಇರೋದು ಮಗ ಬುಟ್ಟೋದ ಹಳೇ ಲಿನಕ್ಸ್ ಕಂಪ್ಯೂಟರಲ್ಲಿ. ಕಪ್ಪು ಪರದೆ ಮೇಲೆ ನೀಲಿ ಅಕ್ಷರ. ಐವತ್ತು ದಾಟಿದ್ ಕಣ್ಗೆ ಏನೂ ಕಾಣ್ದು. "ಬುಡವ್ವ, ಹುಡುಗ್ರ ಕೈಲಿ ಬರ್ಸಣ" ಅಂದ್ರು ಕೆಲವ್ರು. ಅದು ನಂಗೆ ಒಪ್ಪಿಗೆ ಆಗ್ನಿಲ್ಲ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದು 2000-01ರಲ್ಲಿ. ಹೆಣ್ಮಕ್ಳು ತಮ್ಮ ದುಡ್ಡಿನ ಲೆಕ್ಕ ತಾವೇ ಬರ್ಕೊಳೋದು ಕಲ್ತದ್ದು ಇಂಥ ಸಂಘಗಳಲ್ಲೇ. ಒಂದು ಬಣ್ಣ ಕಾಣ್ದು ಅಂತ ಪುಸ್ತಕ ಬೇರೆಯೋರ ಕೈಗೆ ಕೊಡೋದಾ?

ಮಗನ್ಗೆ ಫೋನ್ ಮಾಡಿ ಕೇಳ್ದೆ. ಡಿರ್‌ಕಲರ್ಸ್ ಪಟ್ಟೀನ ನಮ್ಮ ಮನೆ ಫೋಲ್ಡರಿಗೆ ಇಳಿಸ್ಕೊಂಡು, ಫೋಲ್ಡರಿನ ಸಾಲಲ್ಲಿ 34 ಇದ್ದ ಕಡೆ 33 ಬರೀಬೇಕು, ಕಿಟಕಿ ಮುಚ್ಚಿ ತೆಗೀಬೇಕು, ಅಷ್ಟೆ. ಈಗ ‘ಉಳಿತಾಯ’, ‘ಸಾಲ’, ‘ಬಡ್ಡಿ’ ಮೂರೂ ಅರಿಶಿನದ ಬಣ್ಣದಲ್ಲಿ ಎದ್ದು ಕಾಣ್ತವೆ.

ಕೆಂಪು, ಹಸಿರು ಬೇರೆ ಮಾಡಿ ನೋಡೋಕಾಗ್ದೆ ಇರೋರು ಗಂಡಸ್ರಲ್ಲಿ ಜಾಸ್ತಿ. ನಿಮ್ಮನೇಲಿ ಅಂಥೋರಿದ್ರೆ ಅವ್ರಿಗೂ ಇದೇ ದಾರಿ. ಪಟ್ಟೀಲಿರೋ ಬಣ್ಣ ಬರದೋರ ಕಣ್ಗೆ ಸರಿ ಕಂಡದ್ದು. ನಿಮ್ಮ ಕಣ್ಗೆ ಯಾವ್ದು ಸರಿ ಅಂತ ನೀವೇ ನೋಡಿ ಹಾಕ್ಕೊಳಿ.